ಪ್ಲಾಸ್ಮಾನಿಕ್ ಸ್ಫಟಿಕದ ದೋಷ ಸ್ಥಿತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲೋಹದ ಮೇಲ್ಮೈಯಲ್ಲಿ ನ್ಯಾನೊ ಅಳತೆಯ ಏಣುಗಳನ್ನು ಸಮ ದೂರದಲ್ಲಿ ಸಾಲಾಗಿ ನಿಲ್ಲಿಸಿ, ಆ ಸಾಲನ್ನು ಒಂದು ಕಡೆ ಬೇಕೆಂದೇ ಕೆಡಿಸಿದರೆ ಅಲ್ಲಿ ಪ್ಲಾಸ್ಮಾನ್ ಅಲೆ ಸಿಕ್ಕಿಬೀಳುತ್ತದೆ. ಅಂಥ ರಚನೆಯನ್ನು ಲೆಕ್ಕ ಹಾಕಲು, ತಯಾರಿಸಲು, ಅಳೆಯಲು ಹೊರಟವರಿಗಾಗಿ ಈ ಪುಟ. ಹೆಚ್ಚಿನ ಉತ್ತರಗಳಿಗೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಗಾಳಿಗೆ ತೆರೆದ ಚಿನ್ನ, 800 ನ್ಯಾನೊಮೀಟರ್ (ನ್ಯಾ.ಮೀ.) ತರಂಗಾಂತರದ ಬೆಳಕು. ಬೇರೆ ಲೋಹ, ಬೇರೆ ಬಣ್ಣಕ್ಕೆ ಇದೇ ಹೆಜ್ಜೆಗಳಲ್ಲಿ ಅಂಕಿಗಳನ್ನು ಬದಲಿಸಿಕೊಳ್ಳಬಹುದು.

ಪ್ಲಾಸ್ಮಾನಿಕ್ ಸ್ಫಟಿಕ ಎಂದರೇನು? ಫೋಟಾನಿಕ್ ಸ್ಫಟಿಕಕ್ಕಿಂತ ಹೇಗೆ ಬೇರೆ?

ಲೋಹವೂ ಗಾಳಿಯೂ ಸೇರುವ ಮೇಲ್ಮೈಗುಂಟ ಬೆಳಕು ಮತ್ತು ಲೋಹದ ಎಲೆಕ್ಟ್ರಾನುಗಳ ಕಂಪನ ಬೆಸೆದುಕೊಂಡು ಸಾಗುವ ಅಲೆಗೆ ಮೇಲ್ಮೈ ಪ್ಲಾಸ್ಮಾನ್ ಪೋಲಾರಿಟಾನ್ ಎಂದು ಹೆಸರು. ಇಲ್ಲಿ ಪ್ಲಾಸ್ಮಾನ್ ಅಲೆ ಎಂದಷ್ಟೇ ಕರೆಯುತ್ತೇವೆ. ಆ ಮೇಲ್ಮೈಯಲ್ಲಿ ಏಣು, ಗುಂಡಿ ಅಥವಾ ಚುಕ್ಕಿಗಳು ಒಂದೇ ಅಂತರದಲ್ಲಿ ಮರುಕಳಿಸಿದರೆ ಅದು ಪ್ಲಾಸ್ಮಾನಿಕ್ ಸ್ಫಟಿಕ.

ಫೋಟಾನಿಕ್ ಸ್ಫಟಿಕ ಎಂದರೆ ಲೋಹವಿಲ್ಲದ ವಸ್ತುವಿನಲ್ಲಿ ಬೆಳಕಿಗಾಗಿ ಮಾಡಿದ ಇಂಥದೇ ಮರುಕಳಿಸುವ ರಚನೆ. ಅದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ನಷ್ಟ. ಸಿಲಿಕಾನ್ ಫೋಟಾನಿಕ್ ಸ್ಫಟಿಕದಲ್ಲಿ ಹೀರಿಕೆ ಬಹಳ ಕಡಿಮೆ, ಹಾಗಾಗಿ ಕ್ಯೂ ಮೌಲ್ಯವನ್ನು (ಸಿಕ್ಕಿಬಿದ್ದ ಅಲೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಅಳತೆ) ವಿನ್ಯಾಸವೇ ನಿರ್ಧರಿಸುತ್ತದೆ. ಲೋಹದ ಮೇಲೆ ಕ್ಯೂ ಮೌಲ್ಯದ ಮೇಲ್ಮಿತಿ ನೀವು ಮೊದಲ ಏಣನ್ನು ಬರೆಯುವ ಮುಂಚೆಯೇ ಗೊತ್ತಾಗಿರುತ್ತದೆ. ಆದ್ದರಿಂದ ಇಲ್ಲಿ ಮೊದಲು ಲೋಹದ ನಷ್ಟದ ಲೆಕ್ಕ, ಆಮೇಲೆ ಜಾಲದ ಲೆಕ್ಕ. ಈ ಕ್ರಮವನ್ನು ತಿರುವುಮುರುವು ಮಾಡಿದ ವಿನ್ಯಾಸಗಳಲ್ಲಿ ಬೇಡದ ನೂರಾರು ಏಣುಗಳಿರುತ್ತವೆ.

ಇನ್ನೊಂದು ವ್ಯತ್ಯಾಸ ಕೆಲಸವನ್ನು ಹಗುರ ಮಾಡುತ್ತದೆ: ಪ್ಲಾಸ್ಮಾನ್ ಅಲೆಗೆ ಒಂದೇ ಧ್ರುವೀಕರಣ. ಎರಡು ಧ್ರುವೀಕರಣಕ್ಕೂ ಒಟ್ಟಿಗೆ ಗ್ಯಾಪ್ (ಅಲೆ ಸಾಗಲಾಗದ ಆವೃತ್ತಿಗಳ ಪಟ್ಟಿ) ತೆರೆಯಬೇಕೆಂಬ ತಲೆನೋವು ಇಲ್ಲಿಲ್ಲ.

ಬ್ಯಾಂಡ್ ಗ್ಯಾಪ್ ಹುಟ್ಟುವುದು ಹೇಗೆ?

ಏಣುಗಳ ಪಿಚ್ (ಒಂದು ಏಣಿನಿಂದ ಮುಂದಿನದಕ್ಕೆ ಇರುವ ದೂರ) ಪ್ಲಾಸ್ಮಾನ್ ತರಂಗಾಂತರದ ಅರ್ಧದಷ್ಟಿದ್ದಾಗ ಮುಂದೆ ಹೋಗುವ ಅಲೆಯೂ ಹಿಂದೆ ಬರುವ ಅಲೆಯೂ ಸೇರಿ ನಿಂತ ಅಲೆಯಾಗುತ್ತದೆ. ನಿಲ್ಲಲು ಎರಡು ಬಗೆಗಳಿವೆ: ಒಂದರಲ್ಲಿ ವಿದ್ಯುತ್ ಕ್ಷೇತ್ರ ಏಣುಗಳ ಮೇಲೆ ಒತ್ತಾಗಿರುತ್ತದೆ, ಇನ್ನೊಂದರಲ್ಲಿ ಏಣುಗಳ ನಡುವಿನ ತೋಡುಗಳಲ್ಲಿ. ಎರಡರ ಶಕ್ತಿಯೂ ಒಂದೇ ಅಲ್ಲ. ಆ ವ್ಯತ್ಯಾಸವೇ ಗ್ಯಾಪ್. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಬಾರ್ನ್ಸ್, ಪ್ರೀಸ್ಟ್, ಕಿಟ್ಸನ್, ಸ್ಯಾಂಬಲ್ಸ್ 1996ರಲ್ಲಿ ಈ ಚಿತ್ರವನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ಅದೇ ವರ್ಷ ಅದೇ ತಂಡ ಬೆಳ್ಳಿಯ ಮೇಲೆ ಷಟ್ಕೋನ ಜಾಲದ ಚುಕ್ಕಿಗಳನ್ನು ಮಾಡಿ, ಎಲ್ಲ ದಿಕ್ಕಿಗೂ ಅನ್ವಯಿಸುವ ಪೂರ್ಣ ಗ್ಯಾಪ್ ಅನ್ನು 1.91ರಿಂದ 2.00 ಎಲೆಕ್ಟ್ರಾನ್ ವೋಲ್ಟ್ ನಡುವೆ ಕಂಡಿತು. ನಡುಶಕ್ತಿಗೆ ಹೋಲಿಸಿದರೆ ಇದು ಶೇ. 5ಕ್ಕೆ ಹತ್ತಿರ. ಕೆಳಗಿನ ಲೆಕ್ಕಗಳಲ್ಲೂ ಗ್ಯಾಪ್ ಅಗಲವನ್ನು ಶೇ. 5 ಎಂದೇ ಇಟ್ಟುಕೊಳ್ಳುತ್ತೇವೆ. ನಿಮ್ಮ ಏಣಿನ ಎತ್ತರ, ಅಗಲಕ್ಕೆ ನಿಜವಾದ ಅಂಕಿಯನ್ನು ಸಿಮ್ಯುಲೇಶನ್‌ನಿಂದ ತೆಗೆಯಿರಿ.

ದೋಷ ಸ್ಥಿತಿ ಎಂದರೆ ತಯಾರಿಕೆಯ ತಪ್ಪೇ?

ಅಲ್ಲ. ಅರೆವಾಹಕದಲ್ಲಿ ಬೇರೆ ಪರಮಾಣು ಸೇರಿಸಿದಾಗ ಗ್ಯಾಪ್ ಒಳಗೆ ಹೊಸ ಶಕ್ತಿಮಟ್ಟ ಹುಟ್ಟುವಂತೆ, ಸಾಲಿನಲ್ಲಿ ಒಂದು ತೋಡನ್ನು ಹಿಗ್ಗಿಸಿದರೆ ಅಥವಾ ಒಂದು ಏಣನ್ನು ತೆಗೆದರೆ ಗ್ಯಾಪ್ ಒಳಗೆ ಒಂದು ಆವೃತ್ತಿ ಬಂದು ನಿಲ್ಲುತ್ತದೆ. ಆ ಆವೃತ್ತಿಯ ಅಲೆಗೆ ಎರಡೂ ಬದಿಯ ಏಣುಸಾಲು ಕನ್ನಡಿಯಾಗಿ ವರ್ತಿಸುತ್ತದೆ. ಕ್ಷೇತ್ರ ದೋಷದ ನಡುವೆ ಗರಿಷ್ಠವಾಗಿದ್ದು ಎರಡೂ ಕಡೆ ಘಾತೀಯವಾಗಿ ಇಳಿಯುತ್ತದೆ.

ದೋಷ ಗೆರೆಯಂತೆಯೂ ಇರಬಹುದು. ಡೆನ್ಮಾರ್ಕಿನ ಬೊಜೆವೊಲ್ನಿ ಮತ್ತು ಸಂಗಡಿಗರು 2001ರಲ್ಲಿ ಚಿನ್ನದ ಪದರದ ಮೇಲೆ 400 ನ್ಯಾ.ಮೀ. ಪಿಚ್‌ನ ತ್ರಿಕೋನ ಜಾಲದಲ್ಲಿ 200 ನ್ಯಾ.ಮೀ. ಅಗಲದ ಚುಕ್ಕಿಗಳನ್ನಿಟ್ಟು, ಒಂದು ಗೆರೆಯಷ್ಟು ಜಾಗವನ್ನು ಖಾಲಿ ಬಿಟ್ಟರು. 782 ನ್ಯಾ.ಮೀ.ನಲ್ಲಿ ಅಲೆ ಆ ಖಾಲಿ ಗೆರೆಗುಂಟ ಹರಿಯಿತು. 815ರಲ್ಲಿ ಆ ಹಿಡಿತ ಬಹುಮಟ್ಟಿಗೆ ಸಡಿಲವಾಯಿತು. ಗ್ಯಾಪ್ ಕೆಲಸ ಮಾಡುತ್ತಿದೆ ಎನ್ನಲು ಆ ಒಂದು ಹೋಲಿಕೆಯೇ ಸಾಕ್ಷಿಯಾಯಿತು.

ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಲೋಹದ ಪರ್ಮಿಟಿವಿಟಿಯಿಂದ, ಅಂದರೆ ವಿದ್ಯುತ್ ಕ್ಷೇತ್ರಕ್ಕೆ ಲೋಹ ಹೇಗೆ ಸ್ಪಂದಿಸುತ್ತದೆಂದು ಹೇಳುವ ಸಂಕೀರ್ಣ ಸಂಖ್ಯೆಯಿಂದ. 800 ನ್ಯಾ.ಮೀ.ನಲ್ಲಿ ಚಿನ್ನಕ್ಕೆ ವಾಸ್ತವ ಭಾಗ ಸುಮಾರು ಮೈನಸ್ 24, ಕಾಲ್ಪನಿಕ ಭಾಗ ಸುಮಾರು 1.5. ವಾಸ್ತವ ಭಾಗವನ್ನು, ಅದಕ್ಕೆ ಒಂದು ಕೂಡಿಸಿದ ಮೊತ್ತದಿಂದ ಭಾಗಿಸಿ ವರ್ಗಮೂಲ ತೆಗೆದರೆ ಪರಿಣಾಮಕಾರಿ ಸೂಚ್ಯಂಕ 1.02 ಬರುತ್ತದೆ. ಅಂದರೆ ಪ್ಲಾಸ್ಮಾನ್ ತರಂಗಾಂತರ 783 ನ್ಯಾ.ಮೀ., ಪಿಚ್ ಅದರ ಅರ್ಧ, 392 ನ್ಯಾ.ಮೀ. ಇದು ಚಪ್ಪಟೆ ಲೋಹದ ಲೆಕ್ಕ. ಏಣುಗಳು ನಿಂತ ಮೇಲೆ ಸೂಚ್ಯಂಕ ತುಸು ಏರುತ್ತದೆ, ಗ್ಯಾಪ್ ಕೆಂಪಿನ ಕಡೆ ಸರಿಯುತ್ತದೆ. ಹಾಗಾಗಿ ಒಂದೇ ಪಿಚ್ ಬರೆಸಬೇಡಿ. 370ರಿಂದ 400ರವರೆಗೆ 5 ನ್ಯಾ.ಮೀ. ಹೆಜ್ಜೆಯಲ್ಲಿ ಒಂದೇ ಚಿಪ್ಪಿನ ಮೇಲೆ ಏಳು ಸಾಲು ಬರೆಸಿ.

ಮುಂದಿನದು ಅಲೆ ಎಷ್ಟು ದೂರ ಬದುಕುತ್ತದೆ ಎಂಬುದು. ಈ ಅಂಕಿಗಳಿಗೆ ತೀವ್ರತೆ 1/ಇ (ಸುಮಾರು ಶೇ. 37) ಆಗುವ ದೂರ ಸುಮಾರು 46 ಮೈಕ್ರಾನ್. ಅದನ್ನು ಪ್ಲಾಸ್ಮಾನ್ ತರಂಗಸಂಖ್ಯೆಯಿಂದ (2π ಅನ್ನು ತರಂಗಾಂತರದಿಂದ ಭಾಗಿಸಿದ್ದು, ಮೈಕ್ರಾನಿಗೆ 8.02) ಗುಣಿಸಿದರೆ ಹೀರಿಕೆಯೊಂದೇ ಬಿಟ್ಟುಕೊಡುವ ಕ್ಯೂ ಸಿಗುತ್ತದೆ: ಸುಮಾರು 370. ಕನ್ನಡಿ ಎಷ್ಟೇ ಒಳ್ಳೆಯದಿದ್ದರೂ ಇದನ್ನು ಹೆಚ್ಚು ಮೀರಲಾಗದು.

ಇದೇ ಲೆಕ್ಕವನ್ನು 633ರಲ್ಲಿ ಮಾಡಿದರೆ ದೂರ ಸುಮಾರು 10 ಮೈಕ್ರಾನ್, ಕ್ಯೂ ಸುಮಾರು 100. ಹೀಲಿಯಂ–ನಿಯಾನ್ ಲೇಸರ್ ಕೈಗೆ ಸಿಗುತ್ತದೆಂದು ಚಿನ್ನದ ಮೇಲೆ ಕೆಂಪಿನಲ್ಲಿ ಕೆಲಸ ಶುರು ಮಾಡುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ದೋಷದ ಅಗಲ ಎಷ್ಟಿರಬೇಕು?

ಏಣು 196, ತೋಡು 196 ನ್ಯಾ.ಮೀ. ಎಂದಿಟ್ಟುಕೊಳ್ಳಿ. ನಡುವಿನ ಒಂದು ತೋಡಿಗೆ ಅರ್ಧ ಪಿಚ್ ಸೇರಿಸಿ 392 ಮಾಡಿದರೆ ದೋಷ ಸ್ಥಿತಿ ಗ್ಯಾಪ್‌ನ ಸರಿಯಾಗಿ ನಡುವೆ ಕೂರುತ್ತದೆ. ಸೇರಿಸುವ ಉದ್ದವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿದರೆ ಸ್ಥಿತಿ ಗ್ಯಾಪ್‌ನ ಮೇಲಿನ ಅಂಚಿನಿಂದ ಹೊರಟು ಕೆಳಗಿನ ಅಂಚಿಗೆ ಇಳಿಯುತ್ತದೆ; ಪೂರ್ತಿ ಒಂದು ಪಿಚ್ ಸೇರಿಸುವ ಹೊತ್ತಿಗೆ ಮತ್ತೆ ಬ್ಯಾಂಡಿನೊಳಗೆ (ಅಲೆ ಸಾಗಬಲ್ಲ ಆವೃತ್ತಿಗಳೊಳಗೆ) ಕರಗಿರುತ್ತದೆ, ಅಷ್ಟರಲ್ಲಿ ಮುಂದಿನ ಸ್ಥಿತಿ ಮೇಲಿನಿಂದ ಬಂದಿರುತ್ತದೆ.

ದೋಷದ ಅಗಲದಲ್ಲಿ 10 ನ್ಯಾ.ಮೀ. ತಪ್ಪಿದರೆ ಅನುರಣನ ಸುಮಾರು ಒಂದೂವರೆ ನ್ಯಾ.ಮೀ. ಸರಿಯುತ್ತದೆ, ಅಷ್ಟೇ. ಪಿಚ್ ಒಂದೇ ಒಂದು ನ್ಯಾ.ಮೀ. ತಪ್ಪಿದರೆ 2 ನ್ಯಾ.ಮೀ. ಸರಿಯುತ್ತದೆ. ಎಚ್ಚರಿಕೆ ಎಲ್ಲಿ ಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಎರಡೂ ಬದಿಗೆ ಎಷ್ಟು ಏಣು ಹಾಕಬೇಕು? ನೂರು ಹಾಕಿದರೆ ಒಳ್ಳೆಯದಲ್ಲವೇ?

ನೂರು ಬೇಡ. ಗ್ಯಾಪ್ ಶೇ. 5 ಇದ್ದರೆ ಸಾಲಿನೊಳಗೆ ಕ್ಷೇತ್ರ 5 ಮೈಕ್ರಾನಿಗೊಮ್ಮೆ 1/ಇ ಆಗಿ ಇಳಿಯುತ್ತದೆ, ಅಂದರೆ ಸುಮಾರು 13 ಏಣುಗಳಿಗೊಮ್ಮೆ. ಕನ್ನಡಿಯ ತುದಿಯಿಂದ ಸೋರುವುದನ್ನಷ್ಟೇ ಎಣಿಸಿದರೆ ಬದಿಗೆ 20 ಏಣಿಗೆ ಕ್ಯೂ ಸುಮಾರು 230, 25ಕ್ಕೆ 500, 30ಕ್ಕೆ 1100. ಹೀರಿಕೆಯ ಕ್ಯೂ 370ರಲ್ಲೇ ನಿಂತಿರುವಾಗ 30 ದಾಟಿದ ಮೇಲೆ ಹಾಕುವ ಏಣುಗಳಿಂದ ಹೇಳಿಕೊಳ್ಳುವ ಲಾಭವಿಲ್ಲ. 25ರಲ್ಲಿ ಎರಡೂ ಸೇರಿ ಒಟ್ಟು ಕ್ಯೂ 210ರ ಆಸುಪಾಸು, ರೇಖೆಯ ಅಗಲ 4 ನ್ಯಾ.ಮೀ.ಗೆ ಹತ್ತಿರ.

ಅಲೆಯನ್ನು ಬದಿಯಿಂದಲೇ ಒಳಕ್ಕೆ ಕಳಿಸಿ ಇನ್ನೊಂದು ಬದಿಯಲ್ಲಿ ಅಳೆಯುವುದಾದರೆ ಇನ್ನೂ ಕಡಿಮೆ ಏಣು ಹಾಕಿ. ಕನ್ನಡಿ ತೀರಾ ಗಟ್ಟಿಯಾದರೆ ಒಳಗೆ ಹೋದ ಅಲ್ಪ ಶಕ್ತಿಯೂ ಲೋಹದಲ್ಲೇ ಶಾಖವಾಗಿ ಕಳೆದು, ಆಚೆ ಬದಿಯಲ್ಲಿ ಅಳೆಯಲು ಏನೂ ಉಳಿಯದು.

ಲೆಕ್ಕದಲ್ಲಿ ಕ್ಯೂ 200 ಬಂತು, ಅಳೆದರೆ ಅದರ ಕಾಲುಭಾಗವೂ ಇಲ್ಲ. ಏಕೆ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಒರಟು ಮೇಲ್ಮೈ, ಸಣ್ಣ ಕಣಗಳ ಪದರ, ಅಂಟುಪದರದ ಹೀರಿಕೆ ಎಲ್ಲವೂ ಕಾರಣವಾಗಬಹುದು. ಆದರೆ ಮೇಲ್ಮೈ ಕನ್ನಡಿಯಂತೆ ನುಣುಪಾಗಿದ್ದರೂ ಉಳಿಯುವ ಒಂದು ಕಾರಣವಿದೆ: ಸ್ಥಿತಿಯನ್ನು ಚಿಕ್ಕ ಜಾಗಕ್ಕೆ ಒತ್ತಿದ್ದರಿಂದಲೇ ಅದು ಬೆಳಕಾಗಿ ಮೇಲಕ್ಕೆ ಸೋರುತ್ತದೆ.

ಚಿನ್ನ–ಗಾಳಿಯಲ್ಲಿ 800 ನ್ಯಾ.ಮೀ.ಗೆ ಪ್ಲಾಸ್ಮಾನ್ ತರಂಗಸಂಖ್ಯೆ 8.02, ಬಯಲಿನ ಬೆಳಕಿನದು 7.85. ನಡುವೆ ಇರುವ ಅಂತರ ಬರೀ 0.17. ಚಪ್ಪಟೆ ಮೇಲ್ಮೈಯಲ್ಲಿ ಅಲೆಯನ್ನು ಕೆಳಗೆ ಕಟ್ಟಿಹಾಕಿರುವುದೇ ಈ ಸಣ್ಣ ಅಂತರ. ಸ್ಥಿತಿಯನ್ನು ಒಂದು ಜಾಗದಲ್ಲಿ ನೆಲೆ ನಿಲ್ಲಿಸಿದೊಡನೆ ಅದರ ತರಂಗಸಂಖ್ಯೆ ಒಂದೇ ಮೌಲ್ಯವಾಗಿ ಉಳಿಯುವುದಿಲ್ಲ, ಎರಡೂ ಕಡೆ ಹರಡುತ್ತದೆ. ನಮ್ಮ ಶೇ. 5ರ ಗ್ಯಾಪ್‌ನಲ್ಲಿ ಆ ಹರವಿನ ಅಳತೆ 0.2, ಅಂದರೆ ಅಂತರಕ್ಕಿಂತ ಹೆಚ್ಚು. ಘಾತೀಯವಾಗಿ ಇಳಿಯುವ ಸ್ಥಿತಿಗೆ ಲೆಕ್ಕ ಹಾಕಿದರೆ ಅದರ ಎಂಟನೇ ಒಂದು ಭಾಗದಷ್ಟು ಬೆಳಕಿನ ಶಂಕುವಿನೊಳಗೆ (ತರಂಗಸಂಖ್ಯೆ ಬಯಲಿನ ಬೆಳಕಿನದಕ್ಕಿಂತ ಕಡಿಮೆ ಇರುವ ವಲಯ) ಬಿದ್ದಿರುತ್ತದೆ. ಅಷ್ಟು ಭಾಗಕ್ಕೆ ಗಾಳಿಗೆ ಹೊರಡಲು ದಾರಿ ತೆರೆದಿದೆ. ಏಣಿನ ಎತ್ತರ ಹೆಚ್ಚಿಸಿದರೆ ಗ್ಯಾಪ್ ಅಗಲವಾಗುತ್ತದೆ, ಸ್ಥಿತಿ ಇನ್ನಷ್ಟು ಕುಗ್ಗುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ. ಕ್ಯೂ ಕಡಿಮೆಯಾಯಿತೆಂದು ಏಣನ್ನು ಎತ್ತರಿಸುವುದು ಸಹಜವಾಗಿ ತೋಚುವ ಪರಿಹಾರ. ಇಲ್ಲಿ ಅದು ಉಲ್ಟಾ ಪರಿಣಾಮ ಕೊಡುತ್ತದೆ.

ಹೊರಬರಲು ಮೂರು ದಾರಿ ಇವೆ. ಏಣುಗಳನ್ನು ತಗ್ಗಿಸಿ ಗ್ಯಾಪ್ ಅನ್ನು ಅರ್ಧಕ್ಕಿಳಿಸಿದರೆ ಶಂಕುವಿನೊಳಗಿನ ಪಾಲು ಶೇ. 12ರಿಂದ ಶೇ. 3ರ ಹತ್ತಿರಕ್ಕೆ ಬರುತ್ತದೆ. ಬೆಲೆಯಾಗಿ ಬದಿಗೆ 50 ಏಣು ಬೇಕು, ಸ್ಥಿತಿಯ ಉದ್ದ ಎರಡರಷ್ಟಾಗುತ್ತದೆ. ಎರಡನೆಯದು, ದೋಷದ ಅಕ್ಕಪಕ್ಕದ ನಾಲ್ಕಾರು ಏಣುಗಳ ಅಗಲವನ್ನು ಹಂತಹಂತವಾಗಿ ಬದಲಿಸಿ ಕ್ಷೇತ್ರ ಚೂಪಾಗಿ ಮುರಿಯದಂತೆ, ಗಾಸಿಯನ್ ಆಕಾರದಲ್ಲಿ ಇಳಿಯುವಂತೆ ಮಾಡುವುದು. ಕ್ಯೋಟೊದ ನೋಡಾ ತಂಡ 2003ರಲ್ಲಿ ಸಿಲಿಕಾನ್ ಫೋಟಾನಿಕ್ ಸ್ಫಟಿಕದಲ್ಲಿ ದೋಷದ ತುದಿಯ ರಂಧ್ರಗಳನ್ನು ತುಸು ಸರಿಸಿ ಕ್ಯೂ 45,000 ಪಡೆದದ್ದು ಇದೇ ಉಪಾಯದಿಂದ. ಲೋಹದ ಮೇಲೆ ಅಂಥ ಅಂಕಿ ಬರುವುದಿಲ್ಲ, ಆದರೆ ಸೋರಿಕೆಯನ್ನು ಹೀರಿಕೆಗಿಂತ ಕೆಳಗಿಳಿಸಲು ಸಾಕು. ಮೂರನೆಯದು, ಮೇಲೆ ಪಾಲಿಮರ್ ಹೊದಿಸುವುದು. ಸೂಚ್ಯಂಕ 1.49ರ ಪಿಎಂಎಂಎ ದಪ್ಪಗೆ ಹೊದಿಸಿದರೆ ಬೆಳಕಿನ ರೇಖೆಯಿಂದ (ಆ ಶಂಕುವಿನ ಅಂಚಿನಿಂದ) ಅಂತರ ಶೇ. 2ರಿಂದ ಶೇ. 5ಕ್ಕೆ ಏರುತ್ತದೆ. ಪಿಚ್ 256 ನ್ಯಾ.ಮೀ.ಗೆ ಇಳಿಸಬೇಕು, ಹೀರಿಕೆಯ ಕ್ಯೂ ಕೂಡ 370ರಿಂದ 160ರ ಆಸುಪಾಸಿಗೆ ಕುಸಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಜಾಗದ ಕೊರತೆ ಇಲ್ಲದಿದ್ದರೆ ಎರಡನೆಯ ದಾರಿಯೇ ಮೇಲು.

1550 ನ್ಯಾ.ಮೀ.ನಲ್ಲಿ ಹೀರಿಕೆ ಕಡಿಮೆ, ಅಲ್ಲಿಗೇ ಹೋಗೋಣ ಎಂಬ ಯೋಚನೆ ಬರುತ್ತದೆ. ಅಲ್ಲಿ ಅಂತರ ಶೇ. 0.5ಕ್ಕಿಂತ ಕಡಿಮೆ, ಗಾಳಿಯಲ್ಲಿ ಕ್ಷೇತ್ರ ಎರಡೂವರೆ ಮೈಕ್ರಾನಿನಷ್ಟು ಎತ್ತರಕ್ಕೆ ಚಾಚಿರುತ್ತದೆ. ಬಿಗಿಯಾದ ದೋಷ ಸ್ಥಿತಿಗೆ ತೆರೆದ ಚಿನ್ನ–ಗಾಳಿ ಮೇಲ್ಮೈ ಅಲ್ಲಿ ತಕ್ಕದ್ದಲ್ಲ; ಎರಡು ಲೋಹದ ಪದರಗಳ ನಡುವೆ ತೆಳು ಇನ್ಸುಲೇಟರ್ ಇಟ್ಟ ರಚನೆ ಬೇಕಾಗುತ್ತದೆ.

ಬೆಳ್ಳಿ ಬಳಸಬಹುದೇ?

800 ನ್ಯಾ.ಮೀ.ನಲ್ಲಿ ಬೆಳ್ಳಿಯ ಹೀರಿಕೆ ಚಿನ್ನಕ್ಕಿಂತ ಎಷ್ಟೋ ಕಡಿಮೆ. ಪುಸ್ತಕದ ಅಂಕಿಗಳಿಂದ ಲೆಕ್ಕ ಹಾಕಿದರೆ ಕ್ಯೂ ಸಾವಿರ ದಾಟುತ್ತದೆ, ಆದರೆ ಆ ಅಂಕಿಗಳು ಮೂಲದಿಂದ ಮೂಲಕ್ಕೆ ಬದಲಾಗುತ್ತವೆ. ನಿಮ್ಮದೇ ಪದರವನ್ನು ಎಲಿಪ್ಸೊಮೀಟರಿನಲ್ಲಿ ಅಳೆದು ಆ ಅಂಕಿಯನ್ನೇ ಬಳಸಿ. ಒಳ್ಳೆ ನಿರ್ವಾತದಲ್ಲಿ ವೇಗವಾಗಿ ಆವಿ ಮಾಡಿ ಕೂರಿಸಿದ ಬೆಳ್ಳಿ ಉತ್ತಮ. ಗಾಳಿಯ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ, ಕೆಲವು ನ್ಯಾ.ಮೀ. ಅಲ್ಯೂಮಿನಾ ಹೊದಿಸಿದರೆ ತಡೆಯಬಹುದು, ಅದರಿಂದಾಗುವ ಕೆಂಪು ಸರಿತವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಬೆಳ್ಳಿಯ ಮೇಲೆ ಆಮ್ಲಜನಕ ಪ್ಲಾಸ್ಮಾ ಬಿಡಲೇಬೇಡಿ.

ಎರಡು ಆಯಾಮದ ಜಾಲದಲ್ಲಿ ಬಿಂದು ದೋಷ ಮಾಡುವುದಾದರೆ?

ಷಟ್ಕೋನ ಜಾಲ ಆರಿಸಿ. ಪೂರ್ಣ ಗ್ಯಾಪ್‌ಗೆ ಎಲ್ಲ ದಿಕ್ಕುಗಳ ಗ್ಯಾಪ್‌ಗಳೂ ಒಂದರ ಮೇಲೊಂದು ಬೀಳಬೇಕು. ಬ್ರಿಲುವಾ ವಲಯದ (ತರಂಗಸಂಖ್ಯೆಗಳ ನಕ್ಷೆಯಲ್ಲಿ ಜಾಲದ ಮೂಲ ಘಟಕದ) ಮೂಲೆಗೂ ಅಂಚಿನ ನಡುಬಿಂದುವಿಗೂ ಕೇಂದ್ರದಿಂದ ಇರುವ ದೂರ ಷಟ್ಕೋನದಲ್ಲಿ ಶೇ. 15ರಷ್ಟು ಬೇರೆ, ಚೌಕ ಜಾಲದಲ್ಲಿ ಶೇ. 41ರಷ್ಟು. ಚೌಕದಲ್ಲಿ ಇಷ್ಟನ್ನು ಮುಚ್ಚುವಷ್ಟು ಬಲವಾದ ಏಣು ಹಾಕಿದರೆ ಮೇಲೆ ಹೇಳಿದ ಸೋರಿಕೆ ಎಲ್ಲವನ್ನೂ ನುಂಗುತ್ತದೆ.

ಒಂದು ಚುಕ್ಕಿ ತೆಗೆದ ದೋಷದಲ್ಲಿ ಹಲವು ಸ್ಥಿತಿಗಳು ಹತ್ತಿರ ಹತ್ತಿರ ಬರಬಹುದು. ಮೊದಲ ಪ್ರಯೋಗ ಒಂದು ಆಯಾಮದಲ್ಲೇ ಆಗಲಿ.

ಸಿಮ್ಯುಲೇಶನ್‌ನಲ್ಲಿ ಎಲ್ಲಿ ಎಡವುತ್ತೇವೆ?

ಏಣುಸಾಲಿಗೆ ಎರಡು ಆಯಾಮದ ಲೆಕ್ಕ ಸಾಕು, ಮಾಮೂಲಿ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ. ಎಫ್‌ಡಿಟಿಡಿ (ಜಾಗ, ಕಾಲ ಎರಡನ್ನೂ ತುಂಡರಿಸಿ ಕ್ಷೇತ್ರವನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ವಿಧಾನ) ಬಳಸುವವರು ಲೋಹದ ಹತ್ತಿರ 2 ನ್ಯಾ.ಮೀ. ಜಾಲರಿ ಇಡಿ: ಚಿನ್ನದೊಳಗೆ ಕ್ಷೇತ್ರ 25 ನ್ಯಾ.ಮೀ.ನಲ್ಲೇ 1/ಇ ಆಗುತ್ತದೆ, 10 ನ್ಯಾ.ಮೀ. ಜಾಲರಿಗೆ ಅದು ಕಾಣುವುದೇ ಇಲ್ಲ. ಗಾಳಿಯಲ್ಲಿ ಅದೇ ಇಳಿತಕ್ಕೆ 600 ನ್ಯಾ.ಮೀ. ಬೇಕು, ಆದ್ದರಿಂದ ಹೀರುವ ಗಡಿಯನ್ನು ಕನಿಷ್ಠ 2 ಮೈಕ್ರಾನ್ ಮೇಲಿಡಿ. ಹತ್ತಿರ ತಂದರೆ ಗಡಿಯೇ ಸ್ಥಿತಿಯ ಬಾಲವನ್ನು ಹೀರಿ ಕ್ಯೂ ಇಳಿಸುತ್ತದೆ. ಏಣಿನ ಮೂಲೆಗಳನ್ನು 5–10 ನ್ಯಾ.ಮೀ. ತ್ರಿಜ್ಯದಲ್ಲಿ ಗುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಕ್ಷೇತ್ರ ಜಾಲರಿ ಸಣ್ಣದಾದಂತೆಲ್ಲ ಏರುತ್ತಲೇ ಹೋಗುತ್ತದೆ, ಲೆಕ್ಕ ಎಂದೂ ನೆಲೆಗೊಳ್ಳದು.

ಕ್ಯೂ 200 ಇದ್ದರೆ ಶಕ್ತಿಯ ಆಯಸ್ಸು 85 ಫೆಮ್ಟೊಸೆಕೆಂಡ್. ಲೆಕ್ಕವನ್ನು ಒಂದು ಪಿಕೊಸೆಕೆಂಡ್‌ವರೆಗಾದರೂ ಓಡಿಸಿ. ದ್ವಿಧ್ರುವ ಮೂಲವನ್ನು ದೋಷದ ನಟ್ಟನಡುವೆ ಇಟ್ಟರೆ ಅಲ್ಲಿ ಸೊನ್ನೆಯಾಗುವ ಸ್ಥಿತಿಗಳು ಎಚ್ಚರಗೊಳ್ಳುವುದಿಲ್ಲ. ಒಂದು ಬದಿಗೆ ಸರಿಸಿ ಇಡಿ.

ಆರ್‌ಸಿಡಬ್ಲ್ಯೂಎ (ಮರುಕಳಿಸುವ ರಚನೆಯನ್ನು ಫೂರಿಯೆ ಸರಣಿಯಾಗಿ ಬಿಡಿಸಿ ಲೆಕ್ಕ ಹಾಕುವ ವಿಧಾನ) ಬಳಸುವವರಿಗೆ ಒಂದೇ ಮಾತು: ಕಾಂತಕ್ಷೇತ್ರ ಏಣಿಗೆ ಸಮಾಂತರವಿರುವ ಧ್ರುವೀಕರಣದಲ್ಲಿ ಲೋಹದ ಗ್ರೇಟಿಂಗ್‌ಗೆ ಹಳೆಯ ಸೂತ್ರ ತೀರಾ ನಿಧಾನವಾಗಿ ಒಮ್ಮುಖವಾಗುತ್ತದೆ. 1996ರಲ್ಲಿ ಲೀಫೆಂಗ್ ಲೀ ವಿವರಿಸಿದ ಅಪವರ್ತನ ನಿಯಮಗಳು ನಿಮ್ಮ ಪ್ರೋಗ್ರಾಮಿನಲ್ಲಿವೆಯೇ ನೋಡಿಕೊಳ್ಳಿ.

ಬ್ಯಾಂಡ್ ನಕ್ಷೆಯಲ್ಲಿ ಗೆರೆ ಹಿಂದಕ್ಕೆ ಬಾಗುತ್ತಿದೆ, ಗ್ಯಾಪ್ ಕಾಣುತ್ತಿಲ್ಲ. ತಪ್ಪೇನು?

ಬಹುಶಃ ತಪ್ಪಿಲ್ಲ. ಆವೃತ್ತಿಯನ್ನು ವಾಸ್ತವವಾಗಿಟ್ಟು ತರಂಗಸಂಖ್ಯೆಯನ್ನು ಸಂಕೀರ್ಣವಾಗಲು ಬಿಟ್ಟರೆ ನಷ್ಟವಿರುವ ಮಾಧ್ಯಮದಲ್ಲಿ ಗೆರೆ ಗ್ಯಾಪ್ ಒಳಗೂ ಬಾಗಿ ಸಾಗುತ್ತದೆ. ತರಂಗಸಂಖ್ಯೆಯನ್ನು ವಾಸ್ತವವಾಗಿಟ್ಟು ಆವೃತ್ತಿಯನ್ನು ಸಂಕೀರ್ಣ ಮಾಡಿದರೆ ಗ್ಯಾಪ್ ತೆರೆದು ತೋರುತ್ತದೆ. ದೋಷ ಸ್ಥಿತಿಯ ಕ್ಯೂ ಬೇಕಾದರೆ ಎರಡನೆಯದೇ ಸರಿ. ಕನ್ನಡಿಯೊಳಗೆ ಅಲೆ ಎಷ್ಟು ಆಳ ಹೋಗುತ್ತದೆಂದು ತಿಳಿಯಲು ಮೊದಲನೆಯದು.

ತಯಾರಿಸುವ ಹೆಜ್ಜೆಗಳೇನು, ಯಾವುದು ಕೆಡುತ್ತದೆ?

ಸಿಲಿಕಾನ್ ಅಥವಾ ಗಾಜಿನ ಮೇಲೆ 1–2 ನ್ಯಾ.ಮೀ. ಟೈಟಾನಿಯಂ, ಅದರ ಮೇಲೆ 150 ನ್ಯಾ.ಮೀ. ಚಿನ್ನ ಆವಿ ಮಾಡಿ ಕೂರಿಸಿ. 150 ನ್ಯಾ.ಮೀ. ದಪ್ಪವಿದ್ದರೆ ಕೆಳಗಿನ ಟೈಟಾನಿಯಂ ಅಲೆಯ ಕಣ್ಣಿಗೆ ಬೀಳದು. ಎಲೆಕ್ಟ್ರಾನ್ ಕಿರಣ ಬಿದ್ದಲ್ಲಿ ಮಾತ್ರ ಡೆವಲಪ್ ಮಾಡುವಾಗ ಕರಗುವ ಪಿಎಂಎಂಎ 950ಕೆ ಪಾಲಿಮರ್ ಅನ್ನು 150 ನ್ಯಾ.ಮೀ. ದಪ್ಪಕ್ಕೆ ತಿರುಗಿಸಿ ಹರಡಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ನಿಮಿಷ ಬೇಯಿಸಿ. ಎಲೆಕ್ಟ್ರಾನ್ ಕಿರಣದಲ್ಲಿ ಬರೆಯಿರಿ: 30 ಕಿಲೊವೋಲ್ಟ್‌ಗೆ ಚದರ ಸೆಂಟಿಮೀಟರಿಗೆ 250ರಿಂದ 400 ಮೈಕ್ರೊಕೂಲಂಬ್ ನಡುವೆ ಡೋಸ್ ಪರೀಕ್ಷೆ ಮಾಡಿ ಆರಿಸಿ. ಎಂಐಬಿಕೆ ಮತ್ತು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಕಗಳ 1:3 ಮಿಶ್ರಣದಲ್ಲಿ 60 ಸೆಕೆಂಡ್ ಡೆವಲಪ್, ಐಪಿಎಯಲ್ಲಿ ತೊಳೆದು ಸಾರಜನಕದಲ್ಲಿ ಒಣಗಿಸಿ. ತೆರೆದ ಜಾಗದಲ್ಲಿ ಉಳಿದ ಪಿಎಂಎಂಎ ಪೊರೆಯನ್ನು ಕೆಲವೇ ಸೆಕೆಂಡ್ ಆಮ್ಲಜನಕ ಪ್ಲಾಸ್ಮಾದಿಂದ ತೆಗೆದು, 50 ನ್ಯಾ.ಮೀ. ಚಿನ್ನ ಆವಿ ಮಾಡಿ, ಅಸಿಟೋನ್‌ನಲ್ಲಿ ಲಿಫ್ಟ್-ಆಫ್ ಮಾಡಿ (ಪಿಎಂಎಂಎ ಕರಗಿಸಿ ಅದರ ಮೇಲಿನ ಚಿನ್ನವನ್ನು ಕಳಚಿ).

ಚಿನ್ನದ ಮೇಲೆ ಚಿನ್ನ ಅಂಟಲು ನಡುವೆ ಟೈಟಾನಿಯಂ ಬೇಕಿಲ್ಲ. ಅಭ್ಯಾಸಬಲದಿಂದ ಹಾಕುವ ಆ ಎರಡು ನ್ಯಾ.ಮೀ. ಕ್ಷೇತ್ರ ಗರಿಷ್ಠವಿರುವ ಜಾಗದಲ್ಲೇ ಕೂತು ಹೀರಿಕೆ ಹೆಚ್ಚಿಸುತ್ತದೆ. ಏಣು ಕಿತ್ತು ಬರುತ್ತಿದ್ದರೆ ಕಾರಣ ಬಹುಪಾಲು ತೆಗೆಯದೆ ಉಳಿದ ಪಿಎಂಎಂಎ ಪೊರೆ. ಎರಡನೇ ಸಲ ಚಿನ್ನ ಕೂರಿಸುವಾಗ ಸ್ಪಟರಿಂಗ್ ಬೇಡ. ಅದು ಪಿಎಂಎಂಎ ಗೋಡೆಗೂ ಲೋಹ ಬಳಿದು, ಲಿಫ್ಟ್-ಆಫ್ ಆದ ಮೇಲೆ ಏಣಿನ ಎರಡೂ ಅಂಚಿಗೆ ಚೂಪು ಬೇಲಿ ಉಳಿಸುತ್ತದೆ.

ಪಕ್ಕಪಕ್ಕದ ಗೆರೆಗಳಿಂದ ಹಿಂದಕ್ಕೆ ಚದುರಿದ ಎಲೆಕ್ಟ್ರಾನುಗಳು ಸಾಲಿನ ನಡುವಿನ ಏಣುಗಳಿಗೆ ಹೆಚ್ಚು ಡೋಸ್ ಕೊಡುತ್ತವೆ, ತುದಿಯ ಏಣುಗಳಿಗೆ ಕಡಿಮೆ. ನಡುವಿನವು ದಪ್ಪ, ತುದಿಯವು ಸಣಕಲು ಆಗುತ್ತವೆ. ಡೋಸ್ ತಿದ್ದುಪಡಿ ಮಾಡಿಸಿ, ಅಥವಾ ಸಾಲಿನ ತುದಿಗಳ ಆಚೆ ಡಮ್ಮಿ ಗೆರೆಗಳನ್ನು ಹಾಕಿ. ಇನ್ನೊಂದು ಅಪಾಯ, ಕಿರಣ ಒಂದೇ ಸಲಕ್ಕೆ ಬರೆಯಬಲ್ಲ ಚೌಕಗಳ, ಅಂದರೆ ಬರವಣಿಗೆಯ ಫೀಲ್ಡ್‌ಗಳ ಜೋಡಣೆ. ಎರಡು ಫೀಲ್ಡ್ ಸೇರುವಲ್ಲಿ 20 ನ್ಯಾ.ಮೀ. ತಪ್ಪಿದರೆ ಅದೇ ಒಂದು ದೋಷವಾಗಿ ವರ್ತಿಸುತ್ತದೆ. ಬದಿಗೆ 25 ಏಣಿನ ಇಡೀ ರಚನೆ 20 ಮೈಕ್ರಾನ್ ಮಾತ್ರ. 100 ಮೈಕ್ರಾನ್ ಫೀಲ್ಡ್‌ನ ನಡುವೆ ಅದನ್ನು ಇರಿಸಿದರೆ ಈ ತೊಂದರೆಯೇ ಬರದು.

ಅಯಾನ್ ಕಿರಣದಿಂದ ನೇರವಾಗಿ ಕೊರೆಯುವುದು ಬೇಗ ಮುಗಿಯುತ್ತದೆ, ಆದರೆ ಗ್ಯಾಲಿಯಂ ಚಿನ್ನದೊಳಗೆ ಹೊಕ್ಕು ನಷ್ಟ ಹೆಚ್ಚಿಸುತ್ತದೆ. ನುಣುಪು ಮುಖ್ಯವಾದರೆ ಸಿಲಿಕಾನ್ ಅಚ್ಚಿನಲ್ಲಿ ತೋಡು ಕೆತ್ತಿ, ಮೇಲೆ ಲೋಹ ಕೂರಿಸಿ, ಎಪಾಕ್ಸಿಯಿಂದ ಸುಲಿದು ತೆಗೆಯುವ ವಿಧಾನ ಅತ್ಯುತ್ತಮ. ಮಿನಸೋಟ ವಿಶ್ವವಿದ್ಯಾಲಯದವರು 2009ರಲ್ಲಿ ಇದನ್ನು ಪ್ರಕಟಿಸಿದರು. ಲೋಹದ ಏಣಿನ ಬದಲು ಚಪ್ಪಟೆ ಲೋಹದ ಮೇಲೆ ಪರವಿದ್ಯುತ್ ವಸ್ತುವನ್ನು ಆಯ್ದ ಜಾಗಕ್ಕೆ ಹೊರಿಸುವ ದಾರಿಯೂ ಇದೆ. ಟರ್ಕಿಯ ಬಿಲ್ಕೆಂಟ್ ವಿಶ್ವವಿದ್ಯಾಲಯದ ಕೊಜಾಬಾಶ್, ಅಯ್ದಿನ್ಲಿ ಮತ್ತು ಸಂಗಡಿಗರು 2008ರಲ್ಲಿ ಎರಡು ಪಿಚ್ ಬೆರೆತ ಲೋಹದ ಗ್ರೇಟಿಂಗ್ ಮೇಲೆ ಹೀಗೆಯೇ ಗ್ಯಾಪ್ ಒಳಗಿನ ಅನುರಣಕ ಮಾಡಿದರು. ಒಂದು ಪಿಚ್ ಬೆಳಕನ್ನು ಒಳಕ್ಕೆ ತರುತ್ತದೆ, ಅದರ ಅರ್ಧದಷ್ಟಿರುವ ಇನ್ನೊಂದು ಗ್ಯಾಪ್ ತೆರೆಯುತ್ತದೆ.

ಸ್ಥಿತಿಯನ್ನು ನೋಡುವುದು ಹೇಗೆ?

ಅರ್ಧ ತರಂಗಾಂತರ ಪಿಚ್‌ನ ಗ್ಯಾಪ್ ಬೆಳಕಿನ ರೇಖೆಯ ಹೊರಗಿದೆ. ಮೇಲಿನಿಂದ ನೇರ ಬೆಳಕು ಬಿಟ್ಟರೆ ಅದನ್ನು ಮುಟ್ಟುವುದು ಕಷ್ಟ. ಪ್ರಿಸಂ ಬೇಕು. ಸೂಚ್ಯಂಕ 1.515ರ ಗಾಜಿಗೆ ಕೋನ ಸುಮಾರು 42.4 ಡಿಗ್ರಿ. ಈ ವಿಧಾನಕ್ಕೆ ಚಿನ್ನ ತೆಳ್ಳಗಿರಬೇಕು, 50 ನ್ಯಾ.ಮೀ. ಎಂದು ಎಲ್ಲರೂ ಹಾಕುತ್ತಾರೆ, ಏಕೆಂದರೆ ಪ್ರತಿಫಲನದ ಕುಳಿ ಆಗ ಅತಿ ಆಳ. ಆದರೆ ಕುಳಿ ಆಳವಾಗುವುದು ಗಾಜಿನೊಳಗೆ ಸೋರುವ ನಷ್ಟ ಹೀರಿಕೆಗೆ ಸಮವಾದಾಗ. ಹಾಗಾಗಿ ಅಳತೆಯ ವಿಧಾನವೇ ಕ್ಯೂ ಅನ್ನು ಅರ್ಧ ಮಾಡಿರುತ್ತದೆ. ಕುಳಿ ಆಳ ಕಡಿಮೆಯಾದರೂ ಸರಿ, 70 ನ್ಯಾ.ಮೀ. ಹಾಕಿ ರೇಖೆಯ ನಿಜವಾದ ಅಗಲ ಅಳೆಯಿರಿ.

ಕೋನ–ತರಂಗಾಂತರ ನಕ್ಷೆ ತೆಗೆದರೆ ಸಾಮಾನ್ಯ ಬ್ಯಾಂಡುಗಳು ಕೋನದೊಂದಿಗೆ ಓಡುತ್ತವೆ, ದೋಷ ಸ್ಥಿತಿ ಓಡುವುದಿಲ್ಲ. ಗ್ಯಾಪ್‌ನ ನಡುವೆ ಎರಡೂ ಕಡೆ ಒಂದು ಡಿಗ್ರಿಗಿಂತ ತುಸು ಹೆಚ್ಚು ಹರಡಿದ ಅಡ್ಡಗೆರೆಯಾಗಿ ಕಾಣುತ್ತದೆ. ಕಿರಣದ ಕೋನಹರವು 0.1 ಡಿಗ್ರಿ ಇದ್ದರೆ ಬ್ಯಾಂಡುಗಳು ಒಂದೂವರೆ ನ್ಯಾ.ಮೀ.ನಷ್ಟು ಮಸುಕಾಗುತ್ತವೆ, ಅಷ್ಟನ್ನು ಸಹಿಸಬಹುದು. ಕಿರಣ ಒಂದು ಮಿಲಿಮೀಟರ್ ಅಗಲವಿದ್ದು ರಚನೆ 20 ಮೈಕ್ರಾನ್ ಇದ್ದರೆ ಮಾತ್ರ ಏನೂ ಕಾಣದು. ಆಗ ಅದೇ ದೋಷವನ್ನು 20 ಮೈಕ್ರಾನಿಗೊಮ್ಮೆ ಮರುಕಳಿಸಿ ಇಡೀ ಜಾಗ ತುಂಬಿಸಬೇಕು.

ಕ್ಷೇತ್ರದ ಚಿತ್ರವೇ ಬೇಕಾದರೆ ಸಮೀಪಕ್ಷೇತ್ರ ಸೂಕ್ಷ್ಮದರ್ಶಕ, ಇಲ್ಲವೇ ಕ್ಯಾಥೋಡೊಲ್ಯೂಮಿನೆಸೆನ್ಸ್. ಎಲೆಕ್ಟ್ರಾನ್ ಕಿರಣವನ್ನು ಬಿಂದುವಿನಿಂದ ಬಿಂದುವಿಗೆ ಸರಿಸುತ್ತ ಹೊರಬರುವ ಬೆಳಕನ್ನು ಅಳೆಯುವ ಎರಡನೆಯ ವಿಧಾನವನ್ನು ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ (2024ರಿಂದ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಟೋಕಿಯೊ) ಯಮಾಮೊಟೊ ತಂಡ ಪ್ಲಾಸ್ಮಾನಿಕ್ ಸ್ಫಟಿಕಗಳಿಗಾಗಿ ಬಹಳ ದೂರ ಕೊಂಡೊಯ್ದಿದೆ.

ಕಂಡ ಶಿಖರ ದೋಷ ಸ್ಥಿತಿಯದೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಸೀಮಿತ ಉದ್ದದ ಸಾಲಿನಲ್ಲಿ ಬ್ಯಾಂಡ್ ಅಂಚಿನ ಅನುರಣನಗಳೂ ಶಿಖರ ಕೊಡುತ್ತವೆ, ಸಾಲಿನ ತುದಿಗೇ ಅಂಟಿಕೊಂಡ ಟ್ಯಾಮ್ ಸ್ಥಿತಿಗಳೂ ಹುಟ್ಟಬಹುದು. ಅದೇ ಚಿಪ್ಪಿನ ಮೇಲೆ ದೋಷವಿಲ್ಲದ ಸಾಲೊಂದನ್ನು ಕಡ್ಡಾಯವಾಗಿ ಬರೆಸಿ. ಅಲ್ಲೂ ಶಿಖರವಿದ್ದರೆ ಅದು ನಿಮ್ಮದಲ್ಲ. ದೋಷದ ಅಗಲ ಬದಲಿಸಿದ ನಾಲ್ಕೈದು ಸಾಲುಗಳಲ್ಲಿ ಶಿಖರ ಕ್ರಮವಾಗಿ ಸರಿಯಬೇಕು. ಏಣುಗಳ ಸಂಖ್ಯೆ ಬದಲಿಸಿದರೆ ಬ್ಯಾಂಡ್ ಅಂಚಿನ ಶಿಖರಗಳು ಸರಿಯುತ್ತವೆ, ದೋಷದ್ದು ಅಲ್ಲೇ ನಿಂತು ಅಗಲ ಮಾತ್ರ ಬದಲಾಗುತ್ತದೆ. ಪೋಲರೈಸರ್ ಅನ್ನು 90 ಡಿಗ್ರಿ ತಿರುಗಿಸಿದರೆ ಮಾಯವಾಗಬೇಕು. ಈ ನಾಲ್ಕೂ ಇಲ್ಲದ ವರದಿಯನ್ನು ನಾವು ನಂಬುವುದಿಲ್ಲ.

ಗಾಳಿಯಲ್ಲಿ ಚೆನ್ನಾಗಿದ್ದ ಸೆನ್ಸರ್ ನೀರು ಬಿಟ್ಟೊಡನೆ ಸತ್ತಿತು. ಏಕೆ?

ಸತ್ತಿಲ್ಲ, ದೂರ ಹೋಗಿದೆ. ನೀರಿನಲ್ಲಿ ಪರಿಣಾಮಕಾರಿ ಸೂಚ್ಯಂಕ 1.35 ದಾಟುತ್ತದೆ, 392 ನ್ಯಾ.ಮೀ. ಪಿಚ್‌ನ ಗ್ಯಾಪ್ 1050 ನ್ಯಾ.ಮೀ.ನ ಆಚೆಗೆ ಜಿಗಿಯುತ್ತದೆ, ಸಿಲಿಕಾನ್ ಡಿಟೆಕ್ಟರ್ ಅಲ್ಲಿ ಕುರುಡಾಗುತ್ತ ಬರುತ್ತದೆ. ನೀರಿನಲ್ಲಿ 800ಕ್ಕೆ ಬೇಕಾದರೆ ಪಿಚ್ 290ರ ಸುಮಾರಿಗೆ ಇಡಿ. ಸಂವೇದನೆ ಸೂಚ್ಯಂಕದ ಒಂದು ಏಕಮಾನಕ್ಕೆ ಪಿಚ್‌ನ ಎರಡರಷ್ಟು ಎಂದು ಸ್ಥೂಲವಾಗಿ ಎಣಿಸಬಹುದು. ಅದು ಇಡೀ ದ್ರವ ಬದಲಾದಾಗಿನ ಮಾತು, ಕೆಲವೇ ನ್ಯಾ.ಮೀ. ದಪ್ಪದ ಪ್ರೋಟೀನ್ ಪದರ ಕ್ಷೇತ್ರದ ಸಣ್ಣ ಪಾಲನ್ನಷ್ಟೇ ಮುಟ್ಟುವುದರಿಂದ ಸರಿತ ಬಹಳ ಕಡಿಮೆ ಇರುತ್ತದೆ.

ದೋಷವನ್ನು ಕೆತ್ತದೆ, ಬೇಕಾದಾಗ ಹುಟ್ಟಿಸಿ ಬೇಡವಾದಾಗ ಅಳಿಸಲು ಸಾಧ್ಯವೇ?

ಟೆರಾಹರ್ಟ್ಸ್‌ನಲ್ಲಿ ಮಾಡಿ ತೋರಿಸಿದ್ದಾರೆ. ಗ್ಯಾಲಿಯಂ ಆರ್ಸೆನೈಡ್ ರಚನೆಯೊಳಗಿನ ಎರಡು ಆಯಾಮದ ಎಲೆಕ್ಟ್ರಾನ್ ಪದರದ ಮೇಲೆ ಲೋಹದ ಗೇಟ್‌ಗಳನ್ನು ಸಾಲಾಗಿ ಇಟ್ಟು ವೋಲ್ಟೇಜ್ ಕೊಟ್ಟರೆ, ಗೇಟ್‌ಗಳ ಕೆಳಗೆ ಎಲೆಕ್ಟ್ರಾನ್ ಸಾಂದ್ರತೆ ಇಳಿದು ಸ್ಫಟಿಕವೊಂದು ಮೂಡುತ್ತದೆ. ಪ್ಲಾಸ್ಮಾನ್ ಆವೃತ್ತಿ ಸಾಂದ್ರತೆಯ ವರ್ಗಮೂಲದಂತೆ ಹೋಗುತ್ತದೆ. ಸಾಂದ್ರತೆ ಕಾಲುಭಾಗಕ್ಕಿಳಿದರೆ ಆವೃತ್ತಿ ಅರ್ಧ. ಒಂದು ಗೇಟ್‌ಗೆ ಮಾತ್ರ ಬೇರೆ ವೋಲ್ಟೇಜ್ ಕೊಟ್ಟರೆ ಅದೇ ದೋಷ. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಡಯರ್ ಮತ್ತು ಸಂಗಡಿಗರು 2013ರಲ್ಲಿ ಇಂಥ ರಚನೆಯಲ್ಲಿ ದೋಷ ಸ್ಥಿತಿಯನ್ನು ಟ್ಯಾಮ್ ಸ್ಥಿತಿಯೊಂದಿಗೆ ಬೆಸೆದು, ಹೀರಿಕೆಯ ನಡುವೆ ಪಾರದರ್ಶಕ ಕಿಂಡಿ ತೆರೆಯುವುದನ್ನು ತೋರಿಸಿದರು. ಇಡೀ ರಚನೆಯ ಅಳತೆ ಬಯಲಿನ ತರಂಗಾಂತರದ ನೂರರಲ್ಲೊಂದರ ಮಟ್ಟದ್ದು. ಅತಿಶೀತದಲ್ಲಿ ಮಾತ್ರ ಎಲೆಕ್ಟ್ರಾನುಗಳ ಚದುರಿಕೆ ಸಾಕಷ್ಟು ಕಡಿಮೆಯಾಗುವುದರಿಂದ ಕ್ರಯೊಸ್ಟಾಟ್ ಬಿಟ್ಟು ಇದನ್ನು ಹೊರಗೆ ತರುವುದು ಇನ್ನೂ ಕಷ್ಟ.

ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನ್ ಕಿರಣ ಲಿಥೋಗ್ರಫಿ ಇಲ್ಲ. ಕರ್ನಾಟಕದಲ್ಲಿ ಎಲ್ಲಿ ಮಾಡಿಸಬಹುದು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ (ಸೆನ್ಸ್) ರಾಷ್ಟ್ರೀಯ ನ್ಯಾನೊ ತಯಾರಿಕಾ ಕೇಂದ್ರವೂ, ಅಳತೆಗೆ ಪ್ರತ್ಯೇಕ ಸೌಲಭ್ಯವೂ ಇದೆ. ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳವರು ಐಎನ್‌ಯುಪಿ (ಭಾರತೀಯ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ) ಯೋಜನೆಯ ಮೂಲಕ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ಜಿಡಿಎಸ್ ಕಡತ (ವಿನ್ಯಾಸದ ನಕ್ಷೆ), ಪದರಗಳ ದಪ್ಪ, ಪಿಚ್‌ಗೆ ಬೇಕಾದ ನಿಖರತೆ, ಡೋಸ್ ಪರೀಕ್ಷೆಗೆ ಬಿಟ್ಟ ಜಾಗ ಇಷ್ಟನ್ನು ಸಿದ್ಧಮಾಡಿಕೊಂಡು ಹೋಗಿ. ಪಿಚ್ ಸರಣಿ, ದೋಷದ ಅಗಲದ ಸರಣಿ, ದೋಷವಿಲ್ಲದ ಹೋಲಿಕೆ ಸಾಲು ಮೂರೂ ಒಂದೇ ಚಿಪ್ಪಿನಲ್ಲಿರಲಿ. ಬೇರೆ ಬೇರೆ ದಿನ ಕೂರಿಸಿದ ಚಿನ್ನದ ಪದರಗಳನ್ನು ಹೋಲಿಸಿ ಕ್ಯೂ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗುವುದಿಲ್ಲ.